ಹೊದಿಕೆಯೊಳಗಿನ ಸೂಜಿ

ಮನೆಯಲ್ಲಿ ಒಂದು ಚಮಚ ಕಾಣದಿದ್ದರೆ ಮನೆಯನ್ನೇ ತಲೆಕೆಳಗು ಮಾಡುತ್ತೇವೆ. ಚಪ್ಪಲಿಯ ಒಂದು ಕಾಲು ಕಾಣದಿದ್ದರೆ ಅಕ್ಕಪಕ್ಕದವರನ್ನೆಲ್ಲ ಒಂದು ಸಲ ಅನುಮಾನದಿಂದ ನೋಡುತ್ತೇವೆ. ಸೂಜಿ ಕಾಣದಿದ್ದರೆ ಮಾತ್ರ "ಎಲ್ಲೋ ಬಿದ್ದಿರತ್ತೆ ಬಿಡು" ಎಂದು ಇನ್ನೊಂದಕ್ಕೆ ದಾರ ಪೋಣಿಸುತ್ತೇವೆ. ಹೊಲಿಗೆಯಿಂದಲೇ ಒಲೆ ಉರಿಯುವ ಮನೆಗಳಲ್ಲೂ ಇದೇ ಪಾಡು. ದಾರದಮ್ಮನ ಮನೆಯೂ ಅಂಥದ್ದೇ ಒಂದು.

ದಾರದಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಯಾವಾಗ ನೋಡಿದರೂ ಅವಳ ಹೆಗಲ ಮೇಲೆ, ತೋಳಿನ ಮೇಲೆ, ಒಮ್ಮೊಮ್ಮೆ ಕೂದಲಲ್ಲೂ ದಾರದ ತುಂಡುಗಳು ಅಂಟಿಕೊಂಡಿರುತ್ತಿದ್ದವು. "ಇವತ್ತು ಯಾವ ಬಣ್ಣದ್ದು ಹೊಲೀತಿದ್ದೀರಾ ಅಂತ ನಿಮ್ಮನ್ನ ಕೇಳೋದೇ ಬೇಡ" ಎಂದು ಹಾಲು ಹಾಕುವವನು ನಗುತ್ತಿದ್ದ. ದಾರದಮ್ಮನೂ ನಗುತ್ತಿದ್ದಳು. ದಾರ ಕೊಡವಿಕೊಳ್ಳುತ್ತಿರಲಿಲ್ಲ.

ಮಗ ಗೋಡೆಗಳಿಗೆ ಬಣ್ಣ ಹೊಡೆಯುವವನು. ಕೆಲಸ ಸಿಕ್ಕರೆ ಉಂಟು, ಸಿಗದಿದ್ದರೆ ಇಲ್ಲ. ಹಾಗಾಗಿ ಸೊಸೆ ಮುಂದಿನ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು ಎಳೆಮಕ್ಕಳ ಹೊದಿಕೆ ಮಾಡಿ ಮಾರತೊಡಗಿದ್ದಳು. ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಕತ್ತರಿಸಿ ಮೆಷಿನ್ನಿನಲ್ಲಿ ಜೋಡಿಸುವುದು ಸೊಸೆಯ ಪಾಲು. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ತೆಳ್ಳಗೆ ಹತ್ತಿ ಹರಡಿ, ಮೂರನ್ನೂ ಸೇರಿಸಿ ಸಾಲುಸಾಲಾಗಿ ಕೈಯಲ್ಲಿ ಹೊಲಿಯುವುದು ದಾರದಮ್ಮನ ಪಾಲು. ಮಗುವಿಗೆ ಹಾಸಲೂ ಆಗುತ್ತಿತ್ತು, ಹೊದಿಸಲೂ ಆಗುತ್ತಿತ್ತು.

ಪೇಟೆಯ ಮಕ್ಕಳ ಬಟ್ಟೆ ಅಂಗಡಿಯವನು ಒಂದು ಹೊದಿಕೆಯನ್ನು ತಿರುಗಿಸಿ ನೋಡಿ ಹೇಳಿದ್ದ: "ಮೆಷಿನ್ ಹೊಲಿಗೆ ಎಲ್ಲಾ ಕಡೆ ಸಿಗತ್ತೆ. ಈ ಕೈ ಹೊಲಿಗೆ ನೋಡೇ ಜನ ತಗೊಳ್ಳೋದು. ಒಂದು ಗಂಟು ಮಾಡ್ಕೊಡಿ." ಅದು ಅವರಿಗೆ ಸಿಕ್ಕ ಮೊದಲ ದೊಡ್ಡ ಆರ್ಡರ್. ಆ ಮಾತು ಕೇಳಿದ ಮೇಲೆ ದಾರದಮ್ಮನ ನಡಿಗೆಯೇ ಬದಲಾಯಿತು. ಗಂಡ ಹೋದ ಮೇಲೆ ಮೂಲೆಗೆ ಸರಿದು ಕೂತಿದ್ದವಳು ಈಗ ಕೋಣೆಯ ನಟ್ಟನಡುವೆ ಚಾಪೆ ಹಾಸಿ ಕೂರುತ್ತಿದ್ದಳು. ಬಂದವರು ಸುತ್ತು ಹಾಕಿಕೊಂಡು ಒಳಗೆ ಹೋಗಬೇಕು.

ಅವಳಿಗೊಂದು ಅಭ್ಯಾಸವಿತ್ತು. ಹೊಲಿಯುತ್ತ ಹೊಲಿಯುತ್ತ ಒಲೆಯ ಮೇಲಿನ ಪಾತ್ರೆ ನೆನಪಾದರೆ, ನಲ್ಲಿಯಲ್ಲಿ ನೀರು ಬಂದ ಸದ್ದಾದರೆ, ಸೂಜಿಯನ್ನು ಹೊದಿಕೆಗೇ ಚುಚ್ಚಿಟ್ಟು ಎದ್ದುಬಿಡುತ್ತಿದ್ದಳು. ವಾಪಸ್ಸು ಬಂದಾಗ ಹೊಲಿಗೆ ಎಲ್ಲಿ ನಿಂತಿತ್ತೆಂದು ಹುಡುಕಬೇಕಿಲ್ಲ, ಸಾಲು ಸೊಟ್ಟವಾಗುವುದಿಲ್ಲ. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ.

ಈ ಅಭ್ಯಾಸ ಕಂಡರೆ ಉರಿದುಬೀಳುತ್ತಿದ್ದವಳು ಮೇಲಿನ ಮನೆಯ ಚೆಕಿಂಗ್ ಅಕ್ಕ. ಸಿದ್ಧ ಉಡುಪಿನ ದೊಡ್ಡ ಫ್ಯಾಕ್ಟರಿಯಲ್ಲಿ ಬಟ್ಟೆ ತಪಾಸಣೆ ಮಾಡುವ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ಮಂಡಿನೋವು ಬಂದ ಮೇಲೆ ಬಿಟ್ಟವಳು. ಕೆಲಸ ಬಿಟ್ಟರೂ ತಪಾಸಣೆಯ ಕಣ್ಣು ಅವಳನ್ನು ಬಿಟ್ಟಿರಲಿಲ್ಲ. ತರಕಾರಿ ಕೊಂಡರೂ ಬದನೆಕಾಯಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಮದುವೆಗೆ ಹೋದರೆ ಮದುಮಗನ ಅಂಗಿಯ ಹೊಲಿಗೆ ನೋಡಿ ಬರುತ್ತಿದ್ದಳು.

"ದಾರದಮ್ಮ, ಸೂಜಿ ಬಟ್ಟೇಲಿ ಬಿಟ್ಟು ಏಳಬೇಡಿ ಅಂತ ಎಷ್ಟು ಸಲ ಹೇಳಲಿ?"

"ನಿನ್ನ ಫ್ಯಾಕ್ಟರಿ ಕಾನೂನು ಫ್ಯಾಕ್ಟರೀಲೇ ಇರಲಿ ಕಣೇ. ಅಲ್ಲಿ ಸಾವಿರ ಜನ. ಇಲ್ಲಿರೋದು ನಾನೊಬ್ಬಳು, ನನ್ನ ಸೂಜಿ ಒಂದು."

"ಸೂಜಿಗೆ ಅದೆಲ್ಲ ಗೊತ್ತಾಗತ್ತಾ? ಫ್ಯಾಕ್ಟರೀದೂ ಚುಚ್ಚತ್ತೆ, ಮನೇದೂ ಚುಚ್ಚತ್ತೆ."

"ನೀನು ಹುಟ್ಟೋಕೆ ಮುಂಚೆ ಸೂಜಿ ಹಿಡಿದಿದ್ದೀನಿ ನಾನು. ಹೋಗು, ಕಾಫಿ ಕುಡಿದು ಹೋಗು."

ಬೈದರೂ ಕಾಫಿ ಕೊಡುತ್ತಿದ್ದಳು. ಕಾಫಿ ಕುಡಿದರೂ ಚೆಕಿಂಗ್ ಅಕ್ಕ ಬೈಯುವುದು ನಿಲ್ಲಿಸುತ್ತಿರಲಿಲ್ಲ. ಇಬ್ಬರಿಗೂ ಅದಿಲ್ಲದೆ ಹೊತ್ತು ಹೋಗುತ್ತಿರಲಿಲ್ಲ.

ಗಂಟು ಅಂಗಡಿಗೆ ಹೋಗಬೇಕಾದ ದಿನ ಬೆಳಿಗ್ಗೆ ಮನೆಯಲ್ಲಿ ಯಾರ ಕಾಲು ಯಾರಿಗೆ ತಗಲುತ್ತಿದೆಯೋ ತಿಳಿಯದಷ್ಟು ಗಡಿಬಿಡಿ. ಮಡಿಸಿಟ್ಟ ಹೊದಿಕೆಗಳು ಮಂಚದ ಮೇಲೆ. ಕೊನೆಯದೊಂದು, ಹಳದಿ ಚೌಕಳಿಯದು, ದಾರದಮ್ಮನ ಮಡಿಲಲ್ಲಿ. ಕಡೆಯ ಸಾಲೂ ಮುಗಿದಿತ್ತು. ಗಂಟು ಹಾಕಿ ದಾರ ಕತ್ತರಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ದಾರದಮ್ಮ ಸೂಜಿಯನ್ನು ಹೊದಿಕೆಯ ಮೂಲೆಗೆ ಚುಚ್ಚಿಟ್ಟು ಅಡುಗೆಮನೆಗೆ ಓಡಿದಳು. ಹಾಲು ಇಳಿಸಿದಳು, ಒಲೆ ಒರೆಸಿದಳು, ಒರೆಸುವ ಬಟ್ಟೆ ತೊಳೆದು ಹಿಂಡಿದಳು.

ಅದೇ ಹೊತ್ತಿಗೆ ಅಂಗಡಿಯ ಕೆಲಸದವನ ಸ್ಕೂಟರ್ ಬಾಗಿಲಿಗೆ ಬಂತು. ಸೊಸೆ ನೋಡಿದಳು, ಕಡೆಯ ಸಾಲು ಮುಗಿದಿದೆ. ಹಳದಿ ಹೊದಿಕೆ ಮಡಿಸಿ ಉಳಿದವುಗಳ ಜೊತೆ ಸೇರಿಸಿ ಗಂಟು ಕಟ್ಟಿ ಕೊಟ್ಟುಬಿಟ್ಟಳು. ಹಳದಿ ಬಟ್ಟೆ, ಹಳದಿ ದಾರ. ಸೂಜಿ ಕಾಣುವುದಾದರೂ ಹೇಗೆ? ದಾರದಮ್ಮ ಹೊರಗೆ ಬಂದಾಗ ಮಂಚ ಖಾಲಿ. ಸೊಸೆಯ ಮುಖ ನೋಡಿ ಅವಳಿಗೂ ಖುಷಿಯಾಯಿತು. ಆ ಖುಷಿಯಲ್ಲಿ ಸೂಜಿಯ ನೆನಪು ಹಾರಿಯೇ ಹೋಯಿತು.

ನೆನಪಾದದ್ದು ಮಧ್ಯಾಹ್ನ ಊಟವಾದ ಮೇಲೆ. ಸೊಸೆ ದಾರ ತರಲು ಪೇಟೆಗೆ ಹೋಗಿದ್ದಳು. ದಾರದಮ್ಮ ಹೊಸ ಹೊದಿಕೆ ಮಡಿಲಿಗೆ ಎಳೆದುಕೊಂಡು ಸೂಜಿಗೆ ಕೈ ಚಾಚಿದಳು. ಡಬ್ಬಿಯಲ್ಲಿ ಬೇರೆ ಸೂಜಿಗಳಿದ್ದವು, ಅವಳದು ಇರಲಿಲ್ಲ. ಉದ್ದನೆಯ, ಸಣ್ಣ ಕಣ್ಣಿನ, ಕೈಗೆ ಒಗ್ಗಿಹೋಗಿದ್ದ ಸೂಜಿ. ಚಾಪೆ ಕೊಡವಿದಳು. ಮಂಚದ ಕೆಳಗೆ ಗುಡಿಸಿದಳು. ತನ್ನ ಬಟ್ಟೆಯನ್ನೆಲ್ಲ ಮುಟ್ಟಿ ಮುಟ್ಟಿ ನೋಡಿಕೊಂಡಳು. ಉಕ್ಕಿದ ಹಾಲು ಕಣ್ಣ ಮುಂದೆ ಬಂತು. ಹಿಂದೆಯೇ ಹೊದಿಕೆಯ ಹಳದಿ ಮೂಲೆಯೂ ಬಂತು.

ಆದರೆ ಮನಸ್ಸು ತಕ್ಷಣ ವಕೀಲಿಕೆಗೆ ಇಳಿಯಿತು. ಅಲ್ಲೇ ಬಿಟ್ಟೆ ಅಂತ ಏನು ಗ್ಯಾರಂಟಿ? ಒಲೆ ಹತ್ತಿರ ಬಿದ್ದಿರಬಹುದು. ಗುಡಿಸುವಾಗ ಆಚೆ ಹೋಗಿರಬಹುದು. ಇದನ್ನು ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆ? ಅಂಗಡಿಯವನು ಆರ್ಡರ್ ನಿಲ್ಲಿಸುತ್ತಾನೆ. ಬೀದಿಯವರು, ಮುದುಕಿಗೆ ಕಣ್ಣು ಕಾಣಲ್ಲ, ಮರೆವು ಬೇರೆ ಬಂದಿದೆ ಎನ್ನುತ್ತಾರೆ. ಸೊಸೆ ಬಾಯಲ್ಲಿ ಏನೂ ಅನ್ನದೆ ಕೈಯಿಂದ ಸೂಜಿ ತೆಗೆದುಕೊಳ್ಳುತ್ತಾಳೆ. ಮತ್ತೆ ಅದೇ ಮೂಲೆ, ಅದೇ ಗೋಡೆ. ದಾರದಮ್ಮನಿಗೆ ಅದೆಲ್ಲಕ್ಕಿಂತ ಆ ಮೂಲೆಯದೇ ಹೆದರಿಕೆ. ಡಬ್ಬಿಯಿಂದ ಇನ್ನೊಂದು ಸೂಜಿ ತೆಗೆದು ದಾರ ಪೋಣಿಸಿದಳು. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಮೂರು ಸೊಟ್ಟವಾದವು.

ಚೆಕಿಂಗ್ ಅಕ್ಕ ಬಂದವಳು ಬಾಗಿಲಲ್ಲೇ ನಿಂತಳು. "ಏನು ದಾರದಮ್ಮ, ಹೊಲಿಗೆ ಕುಡಿದೋರ ಥರ ನಡೀತಾ ಇದೆ?"

"ಏನಿಲ್ಲ."

"ಚಾಪೆ ಆ ಕಡೆ ಇದೆ, ಮಂಚ ಈ ಕಡೆ ಸರಿದಿದೆ. ಏನು ಕಳೆದ್ಹೋಗಿದೆ?"

ದಾರದಮ್ಮ ಸೊಟ್ಟ ಹೊಲಿಗೆ ಬಿಚ್ಚತೊಡಗಿದಳು. ಚೆಕಿಂಗ್ ಅಕ್ಕನ ಮುಖದಿಂದ ತಮಾಷೆ ಇಳಿಯಿತು.

"ಸೂಜೀನಾ?"

"ಹೂಂ."

"ಗಂಟು ಹೋಯ್ತಾ?"

"ಬೆಳಿಗ್ಗೇನೇ."

ಚೆಕಿಂಗ್ ಅಕ್ಕ ಬೈಯಲಿಲ್ಲ. ಮಂಡಿ ಹಿಡಿದುಕೊಂಡು ನಿಧಾನವಾಗಿ ಚಾಪೆಯ ಮೇಲೆ ಕೂತಳು. ಅವಳು ಬೈಯದೆ ಇದ್ದದ್ದೇ ದಾರದಮ್ಮನಿಗೆ ಹೆಚ್ಚು ಭಯ ತಂದಿತು.

"ನೋಡಿ ದಾರದಮ್ಮ. ನಮ್ಮಲ್ಲಿ ಒಂದು ಸೂಜಿ ಮುರಿದ್ರೆ ಅದರ ಎಲ್ಲಾ ಚೂರೂ ಸಿಗೋವರೆಗೂ ಆ ಮೆಷಿನ್ ನಡೀತಿರಲಿಲ್ಲ. ಚೂರು ತೋರಿಸಿದ್ರೇನೇ ಹೊಸ ಸೂಜಿ. ಸಿಗಲಿಲ್ಲ ಅಂದ್ರೆ ಅಲ್ಲಿದ್ದ ಬಟ್ಟೆ ಅಷ್ಟೂ ಪಕ್ಕಕ್ಕೆ. ಮೊದಮೊದಲು ನಾನೂ ನಗ್ತಿದ್ದೆ, ಇಷ್ಟು ಚೂರಿಗೆ ಇಷ್ಟೊಂದು ರಂಪ ಯಾಕೆ ಅಂತ. ನಮ್ಮ ಮೇಲಿನವರು ಒಂದೇ ಮಾತು ಹೇಳಿದ್ರು. ದೊಡ್ಡೋರಾದ್ರೆ ಚುಚ್ಚಿದ ಕಡೆ ಕೈ ಹಾಕಿ ತೆಗೀತಾರೆ. ಎಳೆಕೂಸು ಏನು ಮಾಡತ್ತೆ? ಅಳತ್ತೆ. ತಾಯಿ ಹಸಿವು ಅಂದ್ಕೋತಾಳೆ, ಹಾಲು ಕೊಡ್ತಾಳೆ. ಹೊಟ್ಟೆನೋವು ಅಂದ್ಕೋತಾಳೆ, ಮತ್ತೆ ಅದೇ ಹೊದಿಕೇಲಿ ಸುತ್ತಿ ಮಲಗಿಸ್ತಾಳೆ."

ದಾರದಮ್ಮ ಕೈಯಲ್ಲಿದ್ದ ಹೊದಿಕೆ ಕೆಳಗಿಟ್ಟಳು. ಮಗನನ್ನು ಹೆತ್ತ ಹೊಸದರಲ್ಲಿ ಅವನು ಅತ್ತ ಅಳುಗಳೆಲ್ಲ ಕಿವಿಯಲ್ಲಿ ತುಂಬಿಕೊಂಡವು. ಯಾವ ಅಳು ಯಾತಕ್ಕೆಂದು ತನಗೆ ತಾನೇ ಎಲ್ಲಿ ತಿಳಿಯುತ್ತಿತ್ತು?

ಸೊಸೆ ದಾರದ ಚೀಲ ಹಿಡಿದು ಒಳಗೆ ಬಂದಳು. ಇಬ್ಬರ ಮುಖ ನೋಡಿದಳು. "ಏನಾಯ್ತು ಅತ್ತೆ?"

"ನನ್ನ ಸೂಜಿ ಹಳದಿ ಹೊದಿಕೇಲಿ ಹೋಗಿದೆ. ನಾನೇ ಚುಚ್ಚಿಟ್ಟು ಎದ್ದಿದ್ದೆ."

ಸೊಸೆಯ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. "ಬೇಡ ಬೇಡ ಅಂದ್ರೂ ಕೇಳಿದ್ರಾ? ಮೊದಲನೇ ಆರ್ಡರ್ ಅತ್ತೆ! ಈಗ ಹೋಗಿ ಸೂಜಿ ಬಿಟ್ಟಿದ್ದೀವಿ ಅಂದ್ರೆ ಇನ್ನೊಂದು ಸಲ ಬಾಗಿಲಿಗೆ ಸೇರಿಸ್ತಾರಾ ಅವ್ರು?" ಫೋನ್ ತೆಗೆದು ಅಂಗಡಿಗೆ ಕರೆ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಫೋನ್ ಇಳಿಸಿ ಮೆತ್ತಗೆ ಅಂದಳು, "ನಾಳೆ ಬೆಳಿಗ್ಗೆ ಹೋಗೋಣ್ವಾ? ಇವತ್ತೇ ಮಾರಾಟ ಆಗಿರಲ್ಲ. ಹೇಗೋ ನೆಪ ಹೇಳಿ ಆ ಒಂದನ್ನ ವಾಪಸ್ಸು ತರ್ತೀನಿ. ಸೂಜಿ ವಿಷಯ ಹೇಳೋದು ಬೇಡ."

ದಾರದಮ್ಮ ಅಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದಳು.

"ಆ ಕೂಸು ನಾಳೆ ಬೆಳಿಗ್ಗೆವರೆಗೂ ಕಾಯತ್ತಾ? ನೀನು ಬರದಿದ್ರೆ ಬೇಡ. ಚುಚ್ಚಿಟ್ಟ ಕೈ ನಂದು, ಬಾಯಿ ಬಿಡೋದೂ ನಂದೇ."

ಸೊಸೆ ದಾರದ ಚೀಲ ಮಂಚದ ಮೇಲೆ ಎಸೆದು ಹಿಂದೆಯೇ ಹೊರಟಳು. ಚೆಕಿಂಗ್ ಅಕ್ಕ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ, ಮೇಲಿನ ಮನೆಗೆ ಹೋಗಿ ಕೆಟ್ಟುಹೋದ ಸ್ಪೀಕರಿನಿಂದ ಬಿಚ್ಚಿಟ್ಟಿದ್ದ ಅಂಗೈ ಅಗಲದ ಅಯಸ್ಕಾಂತವನ್ನು ತಂದು ಕೊಟ್ಟಳು. "ಬರೀ ಬೆರಳು ನಂಬಬೇಡಿ. ಇದನ್ನ ಎರಡೂ ಕಡೆ ಒತ್ತಿ ಒತ್ತಿ ಎಳೀರಿ. ಅಂಚು, ಮೂಲೆ ಒಂದೂ ಬಿಡಬೇಡಿ. ಒಬ್ರು ನೋಡಿದ್ದನ್ನ ಇನ್ನೊಬ್ರು ನೋಡಿ."

ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ದಾರದಮ್ಮ ನೇರ ಗಲ್ಲಾಪೆಟ್ಟಿಗೆಯ ಮುಂದೆ ನಿಂತಳು. "ಸ್ವಾಮೀ, ಬೆಳಿಗ್ಗೆ ಕೊಟ್ಟ ಹೊದಿಕೇಲಿ ಒಂದು ಸೂಜಿ ಉಳ್ಕೊಂಡಿದೆ. ಎಲ್ಲಾ ತೆಗೀರಿ, ನೋಡಬೇಕು."

ಅಂಗಡಿಯವನು ಎದ್ದೇಬಿಟ್ಟ. "ಅಮ್ಮಾ, ನಿಧಾನ, ನಿಧಾನ! ಜನ ಇದ್ದಾರೆ."

"ನಿಧಾನಕ್ಕೆ ಹೇಳಿದ್ರೆ ಸೂಜಿ ಮೊಂಡಾಗತ್ತಾ?"

ಸೊಸೆಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅಂಗಡಿಯವನು ಇಬ್ಬರನ್ನೂ ಹಿಂದಿನ ಕೋಣೆಗೆ ತಳ್ಳಿಕೊಂಡೇ ಹೋದ. ರಟ್ಟಿನ ಡಬ್ಬಗಳ ನಡುವೆ ಗಂಟು ಇತ್ತು, ಬಿಚ್ಚಿತ್ತು. ಹೊದಿಕೆ ಒಂದೊಂದಾಗಿ ಹರಡಿ ಅಯಸ್ಕಾಂತ ಎಳೆದರು. ನೀಲಿಯದು ಸರಿ ಇತ್ತು. ಹಸಿರಿನದು, ಹೂವಿನದು ಸರಿ ಇದ್ದವು. ಹಳದಿ ಚೌಕಳಿಯದು ಗಂಟಿನಲ್ಲೇ ಇರಲಿಲ್ಲ.

"ಅದು ಮಧ್ಯಾಹ್ನಾನೇ ಹೋಯ್ತಲ್ಲ. ನಮ್ಮ ಸೈಕಲ್ ರಿಪೇರಿಯವನು ತಗೊಂಡ. ಮೊದಲನೇ ಮಗು," ಎಂದ ಅಂಗಡಿಯವನು. ಆಮೇಲೆ ದನಿ ತಗ್ಗಿಸಿದ. "ಅಮ್ಮಾ, ಇದ್ದರೆ ಅವರೇ ತರ್ತಾರೆ. ನೀವಾಗೇ ಹೋಗಿ ಹೇಳಿದ್ರೆ ನಿಮ್ಮ ಹೆಸರೂ ಹೋಗತ್ತೆ, ನನ್ನ ಅಂಗಡಿ ಹೆಸರೂ ಹೋಗತ್ತೆ."

"ಹೋಗಲಿ. ಹೆಸರು ಇನ್ನೊಂದ್ಸಲ ಸಂಪಾದಿಸ್ಕೊಳ್ಳೋಣ. ಮನೆ ಎಲ್ಲಿ ಹೇಳಿ."

ಈ ಮಾತನ್ನು ಆಡಿದವಳು, ಮಧ್ಯಾಹ್ನವಷ್ಟೇ ಹೆಸರಿಗೆ ಹೆದರಿ ಕೂತಿದ್ದ ಅದೇ ದಾರದಮ್ಮ. ಅಂಗಡಿಯವನು ಇನ್ನೂ ಏನೋ ಹೇಳುವುದರಲ್ಲಿದ್ದ. ಅವಳು ಕದಲುವವಳಲ್ಲ ಎಂದು ಕಂಡು ಬಾಗಿಲಿಗೆ ಬಂದು ದಾರಿ ತೋರಿಸಿದ.

ಸೈಕಲ್ ರಿಪೇರಿ ಅಂಗಡಿಯ ಹಿಂದೆಯೇ ಮನೆ. ಗಂಡ ಹೊರಗೆ ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದ. ಹೆಂಡತಿ ಒಳಗೆ ಮಗುವಿನ ಪಕ್ಕ ಕೂತು ಬಟ್ಟೆ ಮಡಿಸುತ್ತಿದ್ದಳು. ಮಗು ಹಳದಿ ಹೊದಿಕೆಯ ನಡುವೆ ಮುಷ್ಟಿ ಬಿಗಿದು ಮಲಗಿತ್ತು. ಉಳಿದ ಅಂಚನ್ನು ಅದರ ಕಾಲಿನ ಮೇಲೆ ಹೊದಿಸಿದ್ದರು. ದಾರದಮ್ಮ ದಾರಿಯುದ್ದಕ್ಕೂ ಹೇಗೆ ಶುರುಮಾಡಬೇಕು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದಳು. ಅದರಲ್ಲಿ ಒಂದಕ್ಷರವೂ ಬಾಯಿಗೆ ಬರಲಿಲ್ಲ.

"ಮಗೂನ ಎತ್ಕೊಳ್ಳಮ್ಮ. ಮೊದಲು ಎತ್ಕೋ. ಆಮೇಲೆ ಬೈಯಿ."

"ಯಾರಜ್ಜಿ ನೀವು?"

"ಈ ಹೊದಿಕೆ ಹೊಲಿದೋಳು. ಇದರಲ್ಲಿ ನನ್ನ ಸೂಜಿ ಇದೆ. ಎತ್ಕೊಳ್ಳಮ್ಮ!"

ತಾಯಿ ಮಗುವನ್ನು ಬಾಚಿ ಎದೆಗೆ ಹಾಕಿಕೊಂಡಳು. ಮಗು ಎದ್ದು ಕಿರುಚಿತು. ದಾರದಮ್ಮ ಹೊದಿಕೆಯನ್ನು ನೆಲದ ಮೇಲೆ ಹರಡಿ ಬೆರಳಿಂದ ತಡವಿದಳು. ವರ್ಷಗಟ್ಟಲೆ ಸೂಜಿ ಹಿಡಿದು ಹಿಡಿದು ಬೆರಳ ತುದಿ ದಪ್ಪಗಟ್ಟಿಹೋಗಿತ್ತು. ಏನೂ ತಗಲಲಿಲ್ಲ. ಇನ್ನೊಮ್ಮೆ ತಡವಿದಳು, ಆಗಲೂ ಇಲ್ಲ. ಸುಮ್ಮನೆ ಈ ಬಾಣಂತಿಯನ್ನು ಹೆದರಿಸಿದೆನೇ ಎಂದುಕೊಳ್ಳುವಷ್ಟರಲ್ಲಿ ಸೊಸೆ ಪಕ್ಕದಲ್ಲಿ ಕೂತು ಅಯಸ್ಕಾಂತ ಒತ್ತಿ ಎಳೆದಳು. ಮಗುವಿನ ಕಾಲು ಮುಚ್ಚಿದ್ದ ಮೂಲೆಯಲ್ಲಿ ಅದು ಟಕ್ಕೆಂದು ಹಿಡಿದುಕೊಂಡಿತು. ಮಡಿಸಿ ಕಟ್ಟುವಾಗ ಸೂಜಿ ಹತ್ತಿಯೊಳಗೆ ಪೂರ್ತಿ ಜಾರಿಹೋಗಿತ್ತು. ಮೊನೆ ಮಾತ್ರ ಒಳಬದಿಗೆ ಬಂದಿತ್ತು, ಮಗುವಿನ ಬದಿಗೆ.

ಸೊಸೆ ಎರಡು ಹೊಲಿಗೆ ಬಿಚ್ಚಿ ಸೂಜಿ ಹೊರಗೆಳೆದಳು. ತಾಯಿ ಮಗುವಿನ ಬಟ್ಟೆಯನ್ನೆಲ್ಲ ಕಳಚಿ, ಅಂಗಾಲು, ಮೀನಖಂಡ, ತೊಡೆ, ಬೆನ್ನು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಎಲ್ಲೂ ಒಂದು ಗೀರೂ ಇರಲಿಲ್ಲ. ಆಮೇಲೆ ತಲೆ ಎತ್ತಿದಳು.

"ಹೋಗಿ. ನಿಮ್ಮ ಹೊದಿಕೆ ತಗೊಂಡು ಹೋಗಿ ಇಲ್ಲಿಂದ."

ಒಳಗೆ ಬಂದ ಗಂಡ, "ಪಾಪ, ತಾವೇ ಬಂದು ಹೇಳಿದ್ರಲ್ಲೇ" ಎಂದ.

"ಬರೋದು ಒಂದು ಗಳಿಗೆ ತಡ ಆಗಿದ್ರೆ? ಮಗು ಒಂದ್ಸಲ ಕಾಲು ಒದ್ದಿದ್ರೆ?"

"ತಪ್ಪು ನಂದಮ್ಮ. ಇವಳದಲ್ಲ, ಅಂಗಡಿಯವರದೂ ಅಲ್ಲ," ಎಂದಷ್ಟೇ ಹೇಳಿ ದಾರದಮ್ಮ ಹೊದಿಕೆ ಎತ್ತಿಕೊಂಡಳು. ನೆಪ ಹೇಳಲಿಲ್ಲ. ಹಾಲು ಉಕ್ಕಿದ ಕಥೆ ಬಾಯಿಗೆ ಬಂದಿತ್ತು, ನುಂಗಿಕೊಂಡಳು.

ದಾರಿಯಲ್ಲಿ ಒಂದು ಕಟ್ಟೆ ಸಿಕ್ಕಿತು. ದಾರದಮ್ಮ ಅಲ್ಲೇ ಕೂತು ಅತ್ತಳು. ಸೊಸೆ ಪಕ್ಕದಲ್ಲಿ ಕೂತಳು. ಕೋಪ ಇನ್ನೂ ಇತ್ತು, ಆದರೆ ಅತ್ತೆಯ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ. ನಾಳೆ ಹೋಗೋಣ ಅಂದವಳು ತಾನೇ ಅಲ್ಲವೇ?

"ನಾಳೆಯಿಂದ ನಾನು ಸೂಜಿ ಮುಟ್ಟಲ್ಲ ಕಣೇ," ಎಂದಳು ದಾರದಮ್ಮ.

"ಯಾಕೆ ಮುಟ್ಟಲ್ಲ? ನಿಮ್ಮ ಕೈ ಹೊಲಿಗೆ ಇಲ್ದಿದ್ರೆ ಈ ಹೊದಿಕೇನ ಯಾರು ಮೂಸಿ ನೋಡ್ತಾರೆ? ಬಿಡಬೇಕಾದ್ದು ಅಭ್ಯಾಸ ಅತ್ತೆ, ಕೆಲಸ ಅಲ್ಲ. ಮಡಿಸೋವಾಗ ನಾನೂ ನೋಡ್ಲಿಲ್ಲ. ಇನ್ಮೇಲೆ ಇಬ್ರೂ ನೋಡೋಣ. ಏಳಿ."

ದಾರದಮ್ಮ ಎದ್ದಳು. ಮನೆಗೆ ಬಂದವಳು ನೇರ ಮೇಲಿನ ಮನೆಯ ಮೆಟ್ಟಿಲು ಹತ್ತಿ ಚೆಕಿಂಗ್ ಅಕ್ಕನ ಬಾಗಿಲು ಬಡಿದಳು. "ಬಾರೇ ಕೆಳಗೆ. ನಿನ್ನ ಫ್ಯಾಕ್ಟರಿ ಕಾನೂನು ಅಷ್ಟೂ ಹೇಳು. ಒಂದೂ ಬಿಡಬೇಡ."

ಚೆಕಿಂಗ್ ಅಕ್ಕನಿಗೆ ಇಂಥ ದಿನ ಬರುತ್ತದೆಂದು ಕನಸಿನಲ್ಲೂ ನಂಬಿಕೆ ಇರಲಿಲ್ಲ. ಮಂಡಿನೋವು ಮರೆತು ಇಳಿದು ಬಂದಳು. ಹಳೆಯ ಬಟ್ಟೆಗೆ ಹತ್ತಿ ತುಂಬಿ ಒಂದು ಪುಟ್ಟ ದಿಂಬು ಮಾಡಿಸಿದಳು. ಮನೆಯಲ್ಲಿರುವ ಸೂಜಿ, ಗುಂಡುಪಿನ್ನು ಎಲ್ಲವೂ ಅದರ ಮೇಲೇ ಇರಬೇಕು, ಕೆಲಸಕ್ಕೆ ಕೂರುವಾಗ ಎಷ್ಟಿದ್ದವೋ ಏಳುವಾಗ ಅಷ್ಟೇ ಇರಬೇಕು.

"ಸರಿ, ಸಾಲು ತಪ್ಪಿಹೋಗತ್ತಲ್ಲೇ? ಸೂಜಿ ತೆಗೆದ್ರೆ ಎಲ್ಲಿ ನಿಲ್ಲಿಸಿದ್ದೆ ಅಂತ ಹೇಗೆ ಗೊತ್ತಾಗತ್ತೆ?" ದಾರದಮ್ಮ ಪಟ್ಟು ಬಿಡಲಿಲ್ಲ.

"ಸೀಮೆಸುಣ್ಣದಲ್ಲಿ ಒಂದು ಗೀಟು ಎಳೀರಿ. ಸೂಜಿಯಿಂದ ದಾರ ಬಿಚ್ಚಿ ಬಟ್ಟೇಲೇ ಉದ್ದಕ್ಕೆ ಬಿಡಿ, ಬಂದು ಮತ್ತೆ ಪೋಣಿಸ್ಕೊಳ್ಳಿ."

"ಪ್ರತಿ ಸಲ ಪೋಣಿಸ್ಕೊಂಡು ಕೂತ್ರೆ ಹೊಲಿಯೋದು ಯಾವಾಗ?"

ಚೆಕಿಂಗ್ ಅಕ್ಕ ಮಂಚದ ಮೇಲಿದ್ದ ಹಳದಿ ಹೊದಿಕೆಯ ಕಡೆ ನೋಡಿದಳು. ದಾರದಮ್ಮ ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

ಅಂಗಡಿಯವನಿಂದ ಕೆಲವು ದಿನ ಸುದ್ದಿಯೇ ಇರಲಿಲ್ಲ. ಮಗ ಸಂಜೆ ಬಣ್ಣದ ಡಬ್ಬಿ ಇಳಿಸುತ್ತ, "ಸುಮ್ಮನಿದ್ದಿದ್ರೆ ಆಗ್ತಿತ್ತೇನೋ" ಎಂದು ಗೊಣಗಿದ. ಹೆಂಡತಿಯೂ ತಾಯಿಯೂ ಒಟ್ಟಿಗೇ ತಿರುಗಿ ನೋಡಿದ ನೋಟಕ್ಕೆ ಕೈಕಾಲು ತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ. ಅತ್ತೆ ಸೊಸೆ ಕೆಲಸ ನಿಲ್ಲಿಸಲಿಲ್ಲ. ಮುಗಿದ ಹೊದಿಕೆಯನ್ನು ಒಬ್ಬಳು ಅಯಸ್ಕಾಂತ ಎಳೆದು ನೋಡುವುದು, ಇನ್ನೊಬ್ಬಳು ಮತ್ತೆ ನೋಡಿ ಮಡಿಸುವುದು. ಯಾರು ಕೊಳ್ಳುತ್ತಾರೋ ಗೊತ್ತಿರಲಿಲ್ಲ. ಆದರೂ ಒಂದನ್ನೂ ಹಾಗೇ ಮಡಿಸಲಿಲ್ಲ.

ಒಂದು ದಿನ ಅಂಗಡಿಯವನು ತಾನೇ ಬಂದ. ಚಾಪೆಯ ಅಂಚಿನಲ್ಲಿ ನಿಂತು ಹೇಳಿದ: "ಯೋಚನೆ ಮಾಡಿದೆ ಅಮ್ಮಾ. ಬೇರೆಯವರ ಬಟ್ಟೇಲೂ ಏನೇನು ಉಳಿದಿರತ್ತೋ ಯಾರಿಗ್ಗೊತ್ತು? ಅವರು ಹೇಳಲ್ಲ, ನೀವು ಹೇಳಿದ್ರಿ. ಹಿಂದಿನಷ್ಟು ಬೇಡ, ಸ್ವಲ್ಪ ಕೊಡಿ. ಆದರೆ ನನ್ನೆದುರಿಗೇ ಆ ಅಯಸ್ಕಾಂತ ಎಳೆದು ಕೊಡಬೇಕು."

"ನೀವು ಬೇಡ ಅಂದ್ರೂ ಎಳೀತೀವಿ," ಎಂದಳು ಸೊಸೆ.

ಈಗ ಆ ಮನೆಯಲ್ಲಿ ಸೂಜಿಯ ವಿಷಯದಲ್ಲಿ ಯಾರು ಹೆಚ್ಚು ಕಟ್ಟುನಿಟ್ಟು ಎಂದು ಕೇಳಿದರೆ ಚೆಕಿಂಗ್ ಅಕ್ಕನೇ ಕೈ ಮುಗಿದು ದಾರದಮ್ಮನನ್ನು ತೋರಿಸುತ್ತಾಳೆ. ಮೊನ್ನೆ ಸೊಸೆಯ ಮೆಷಿನ್ನಿನ ಸೂಜಿ ಮುರಿಯಿತು. ದಪ್ಪನೆಯ ತುಂಡು ಮೆಷಿನ್ನಿನಲ್ಲೇ ಇತ್ತು. ಚೂಪು ತುದಿ ಎಲ್ಲೋ ಹಾರಿತ್ತು. ಸಂಜೆಗೆ ಕೊಡಬೇಕಾದ ಕೆಲಸವಿತ್ತು. ಸೊಸೆ ಹೊಸ ಸೂಜಿಗೆ ಕೈ ಹಾಕುವಷ್ಟರಲ್ಲಿ ದಾರದಮ್ಮ ಅವಳನ್ನು ಎಬ್ಬಿಸಿ, ಆ ಸ್ಟೂಲಿನ ಮೇಲೆ ತಾನೇ ಕೂತುಬಿಟ್ಟಳು.

"ಅತ್ತೆ, ಏಳಿ. ಹೊತ್ತಾಗತ್ತೆ."

"ತುದಿ ತೋರಿಸು, ಏಳ್ತೀನಿ."

ಸೊಸೆ ನೆಲದ ಮೇಲೆ ಮೊಣಕಾಲೂರಿ ಅಯಸ್ಕಾಂತ ಆಡಿಸಿದಳು. ಕೆಲಸ ಮುಗಿಸಿ ಬಂದ ಅವಳ ಗಂಡನೂ ಕೂತು ಹುಡುಕಿದ. ಮೆಷಿನ್ನಿನಲ್ಲಿ ಬಟ್ಟೆ ತಳ್ಳುವ ಹಲ್ಲುಗಳ ಸಂದಿ ನೋಡಿದರು, ಕತ್ತರಿಸಿದ ಬಟ್ಟೆ ಕೊಡವಿದರು. ದಾರದಮ್ಮ ಕೂತಲ್ಲಿಂದ ಕದಲಲಿಲ್ಲ. ಅಂಗಡಿಯವನಿಗೆ ತಾನೇ ಫೋನ್ ಮಾಡಿ, "ತಡ ಆಗತ್ತೆ ಸ್ವಾಮಿ, ಸೂಜಿ ತುದಿ ಸಿಕ್ಕಿಲ್ಲ" ಎಂದಳು. ಕೊನೆಗೂ ಅದು ಸೊಸೆಯ ಬಟ್ಟೆಯ ತೋಳಿನ ಮಡಿಕೆಯಲ್ಲಿ, ಎಳ್ಳಿಗಿಂತ ತುಸು ಉದ್ದಕ್ಕೆ, ಸಿಕ್ಕಿತು. ಚೂರುಗಳನ್ನು ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿದ ಮೇಲೆ ದಾರದಮ್ಮ ಎದ್ದಳು.

ಸೈಕಲ್ ರಿಪೇರಿಯವನ ಹೆಂಡತಿ ಇನ್ನೂ ದಾರದಮ್ಮನನ್ನು ಮಾತಾಡಿಸುವುದಿಲ್ಲ. ಎದುರಾದರೆ ಮುಖ ತಿರುಗಿಸಿ ಹೋಗುತ್ತಾಳೆ. ದಾರದಮ್ಮನಿಗೆ ಅದರ ನೋವಿದೆ, ದೂರಿಲ್ಲ. ಪೇಟೆಗೆ ಹೋಗುವಾಗ ಆ ದಾರಿಯಲ್ಲೇ ಹೋಗುತ್ತಾಳೆ. ಮಗು ಈಗ ಹೊಸಿಲ ಬಳಿ ಚಾಪೆಯ ಮೇಲೆ ಕೂತು ಎರಡೂ ಕಾಲು ಪಟಪಟ ಬಡಿಯುತ್ತಿರುತ್ತದೆ. ಒಂದು ಗಳಿಗೆ ನಿಂತು ಆ ಕಾಲುಗಳನ್ನು ನೋಡುತ್ತಾಳೆ, ಮುಂದೆ ನಡೆಯುತ್ತಾಳೆ.

ಮನೆಯಲ್ಲೇ ಕೂತು ಹೊಲಿದು ಬಾಳು ನಡೆಸುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮದು ಚಿಕ್ಕ ಕೋಣೆಯ ಕೆಲಸವಿರಬಹುದು. ಆದರೆ ನೀವು ಹೊಲಿದದ್ದನ್ನು ಯಾರೋ ಒಬ್ಬಳು ಕಣ್ಣುಮುಚ್ಚಿ ನಂಬಿ ತನ್ನ ಕೂಸಿಗೆ ಸುತ್ತುತ್ತಾಳೆ. ಕೆಲಸದ ನಡುವೆ ಏಳುವಾಗ ಸೂಜಿಯನ್ನು ಬಟ್ಟೆಯಲ್ಲಿ ಬಿಡಬೇಡಿ, ಅದರ ದಿಂಬಿಗೆ ಚುಚ್ಚಿ ಏಳಿ. ಮುರಿದರೆ ಎಲ್ಲ ಚೂರೂ ಸಿಗುವವರೆಗೆ ಮುಂದಿನ ಹೊಲಿಗೆ ಹಾಕಬೇಡಿ. ಮಡಿಸುವ ಮೊದಲು ಅಯಸ್ಕಾಂತ ಎಳೆಯಿರಿ, ಇನ್ನೊಬ್ಬರಿಗೂ ಕೊಟ್ಟು ನೋಡಿಸಿ. ಇಷ್ಟಾದ ಮೇಲೂ ತಪ್ಪಿಹೋಗಿದ್ದರೆ, ಹೆಸರಿನ ಲೆಕ್ಕ ಆಮೇಲೆ ಹಾಕೋಣ. ಮೊದಲು ಚಪ್ಪಲಿ ಮೆಟ್ಟಿ ಹೊರಡಿ, ಆ ಮನೆಯ ಬಾಗಿಲು ಬಡಿಯಿರಿ, ಮಗುವನ್ನು ಎತ್ತಿಕೊಳ್ಳಿ ಎಂದು ಹೇಳಿ.